ಸುಣ್ಣ ಹಚ್ಚದ ಗಾಲಿ

ಶಿಗ್ಗಾಂವಿಯಿಂದ ಬಂಕಾಪುರದ ಕಡೆ ಹೊರಟರೆ, ಊರು ಮುಗಿಯುವಲ್ಲಿ ಎಡಕ್ಕೆ ಗುದ್ಲೆಪ್ಪನ ಟೈರ್ ಅಂಗಡಿ. ಅದಕ್ಕೆ ಬೋರ್ಡಿಲ್ಲ. ಮೊದಲು ಒಂದು ಇತ್ತು. ಗಾಳಿಮಳೆಗೆ ಬಿದ್ದಿತು, ಅವನು ಮತ್ತೆ ಎತ್ತಿ ನಿಲ್ಲಿಸುವ ಗೋಜಿಗೆ ಹೋಗಲಿಲ್ಲ. ಸವಣೂರಿನಿಂದ ಹಾನಗಲ್ಲಿನವರೆಗೆ ಯಾವ ಡ್ರೈವರನನ್ನು ಕೇಳಿದರೂ "ಸುಣ್ಣದ ಗುದ್ಲೆಪ್ಪನ ಅಂಗಡಿ ಏನ್ರಿ?" ಎಂದು ಕೈ ತೋರಿಸುತ್ತಾರೆ. ಅಷ್ಟು ಹೆಸರಿದ್ದವನಿಗೆ ಬೋರ್ಡು ಯಾಕೆ ಬೇಕು? ಹೆಸರು ಈಗಲೂ ಇದೆ. ಯಾರಾದರೂ ಹಾಗೆ ಕೂಗಿದರೆ ತಿರುಗಿ ನೋಡಲು ಅವನಿಗೇ ನಾಚಿಕೆ.

ಸುಣ್ಣದ ವಿದ್ಯೆ ಅವನದಲ್ಲ, ಅವನ ಉಸ್ತಾದ ಶೇಖಸಾಬನದು. ಹಿರೇಬೆಂಡಿಗೇರಿಯ ಹೊಲದ ಕೆಲಸ ಒಲ್ಲೆನೆಂದು ಹದಿನೇಳನೆಯ ವಯಸ್ಸಿನಲ್ಲಿ ಗುದ್ಲೆಪ್ಪ ಸವಣೂರಿಗೆ ಹೋಗಿ ಅವನ ಅಂಗಡಿ ಸೇರಿದ್ದ. ಶೇಖಸಾಬನ ಬಾಯಲ್ಲಿ ಸದಾ ಸವಣೂರಿನ ವೀಳ್ಯದೆಲೆ, ಜೇಬಿನಲ್ಲಿ ಸುಣ್ಣದ ಡಬ್ಬಿ. ಒಮ್ಮೆ ಒಬ್ಬ ಗೌಡರು ಜೀಪಿಗೆ ದೊಡ್ಡ ಗಾಲಿ ಹಾಕಿಸಿ "ಎಲ್ಲೂ ಹತ್ತೂದಿಲ್ಲ, ಸರಿ ಐತಿ" ಎಂದು ಹಟ ಹಿಡಿದರು. ಶೇಖಸಾಬ ವಾದಕ್ಕೆ ನಿಲ್ಲಲಿಲ್ಲ. ಡಬ್ಬಿಯ ಸುಣ್ಣವನ್ನು ನೀರಲ್ಲಿ ಕದಡಿ ಟೈರಿನ ಮೈಗೆಲ್ಲ ಬಳಿದ. ರಸ್ತೆಯಲ್ಲಿ ಹೋಗುವವರನ್ನು ಕರೆದು ಎಂಟು ಮಂದಿಯನ್ನು ಜೀಪಿನಲ್ಲಿ ಕೂರಿಸಿದ. ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಯವರೆಗೆ ತಿರುವಿ, ಗಟಾರದ ಮೇಲೆ ಒಂದು ಸಲ ಹಾರಿಸಿ ತಂದು ನಿಲ್ಲಿಸಿದ. ಆಮೇಲೆ ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಹೊರಗೆ ತೆಗೆದರೆ ಬೆರಳಿಗೆಲ್ಲ ಬಿಳಿ.

"ನೋಡಪಾ, ಗಾಲಿ ತಾನ ಹೇಳ್ತೈತಿ," ಎಂದ ಗುದ್ಲೆಪ್ಪನಿಗೆ. "ನಾವು ಕೇಳಬೇಕು ಅಷ್ಟ. ಮಾಲಕನ್ನ ಕೇಳಬ್ಯಾಡ, ಗಾಲೀನ ಕೇಳು."

ಶೇಖಸಾಬ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಆ ಮಾತನ್ನು ಗುದ್ಲೆಪ್ಪ ಬಿಟ್ಟಿರಲಿಲ್ಲ. ಅದೂ ಈ ಹದಿನೈದು ವರ್ಷಗಳಲ್ಲಿ ಕಾರಿಟ್ಟ ಹುಡುಗರಿಗೆಲ್ಲ ದೊಡ್ಡ ಚಕ್ರದ ಹುಚ್ಚು ಹಿಡಿದ ಮೇಲೆ ಅವನ ಸುಣ್ಣಕ್ಕೆ ಬಿಡುವೇ ಇರಲಿಲ್ಲ. ಕಂಪನಿ ಕೊಟ್ಟ ಹದಿನೈದು ಇಂಚಿನ ಕಬ್ಬಿಣದ ಚಕ್ರ ಬಿಚ್ಚಿಸಿ ಹದಿನಾರು, ಹದಿನೇಳು ಇಂಚಿನ ಮಿರಿಮಿರಿ ಮಿಂಚುವ ಅಲಾಯ್ ಹಾಕಿಸಬೇಕು. ಹಾಕಿಸಲಿ, ಯಾರು ಬೇಡವೆಂದರು? ಆದರೆ ಚಕ್ರ ದೊಡ್ಡದಾದರೆ ಅದರ ಮೇಲಿನ ರಬ್ಬರು ಗಿಡ್ಡವಾಗಬೇಕು ಎಂಬುದು ಆ ಹುಡುಗರ ತಲೆಗೆ ಹೋಗುತ್ತಿರಲಿಲ್ಲ. ಗಾಲಿಯ ಒಟ್ಟು ಎತ್ತರ ಕಂಪನಿಯಿಂದ ಬಂದಾಗ ಎಷ್ಟಿತ್ತೋ ಅಷ್ಟೇ ಉಳಿಯಬೇಕು. ಏರಿದರೆ ಮೀಟರು ಅರವತ್ತು ತೋರಿಸುವಾಗ ಗಾಡಿ ಅದಕ್ಕಿಂತ ಜೋರಾಗಿ ಓಡುತ್ತಿರುತ್ತದೆ, ಮಂದಿ ತುಂಬಿದಾಗ ಗಾಲಿ ಹೋಗಿ ತಗಡಿಗೆ ಉಜ್ಜುತ್ತದೆ.

ಇದನ್ನು ತಿಳಿಸಿ ಹೇಳಲು ಗುದ್ಲೆಪ್ಪ ಒಂದು ಸುತಳಿ ಇಟ್ಟುಕೊಂಡಿದ್ದ. ಹಳೆಯ ಗಾಲಿಗೆ ಸುತ್ತಿ ಗಂಟು ಹಾಕುವುದು, ಅದೇ ಸುತಳಿಯನ್ನು ಹೊಸ ಗಾಲಿಗೆ ಸುತ್ತುವುದು. ತುದಿ ಬಂದು ಗಂಟಿಗೆ ಮುಟ್ಟಬೇಕು. ಒಂದು ಬೆರಳು ಹೆಚ್ಚುಕಡಿಮೆಯಾದರೆ ನಡೆಯುತ್ತದೆ, ಎರಡಾದರೆ ಯೋಚನೆ ಮಾಡಬೇಕು, ಮೂರಾದರೆ ಟೈರು ವಾಪಸ್ಸು. ಸುತಳಿಯಲ್ಲಿ ಪಾಸಾದ ಗಾಡಿಗೂ ಸುಣ್ಣ ತಪ್ಪುತ್ತಿರಲಿಲ್ಲ. ಚಕ್ರ ಹೊರಕ್ಕೆ ಚಾಚಿಕೊಂಡಿದ್ದರೆ ಅದನ್ನು ಸುತಳಿ ಹೇಳುವುದಿಲ್ಲ, ಸುಣ್ಣ ಹೇಳುತ್ತದೆ. ನಾಲ್ಕೂ ಗಾಲಿಗೆ ಬಳಿದು, ಗಾಡಿಯಲ್ಲಿ ಹಿಡಿಸುವಷ್ಟು ಮಂದಿಯನ್ನು ಕೂರಿಸಿ, ತಿರುವಿ, ಹಾರಿಸಿ, ಬಿಳಿ ಹತ್ತಿಲ್ಲವೆಂದರೆ ಮಾತ್ರ ಕೀಲಿ ಕೈಗೆ. ಕಾರು ತೊಳೆಯುವ ಹುಡುಗರು ಅವನನ್ನು ಬೈದುಕೊಳ್ಳುತ್ತಿದ್ದರು. ಟೈರಿನ ಗೀರುಗಳ ಆಳದಲ್ಲಿ ಕೂತ ಸುಣ್ಣ ಆರು ತಿಂಗಳಾದರೂ ಹೋಗುತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ಭಾರಕ್ಕೆ ಕೂರುವವರಲ್ಲಿ ಮೊದಲನೆಯವಳು ಅವನ ಮಗಳು ಭಾಗ್ಯಶ್ರೀ. ಶಾಲೆ ಬಿಟ್ಟ ಕೂಡಲೇ ಪಾಟಿಚೀಲ ಒಗೆದು ಅಂಗಡಿಗೆ ಓಡಿಬರುತ್ತಿದ್ದಳು. ಗಾಡಿ ಗಟಾರ ಹಾರುವಾಗ ಕಿಲಕಿಲ ನಗುತ್ತ, ನಿಂತ ಮೇಲೆ ತಾನೇ ಕೆಳಗಿಳಿದು, ಪುಟ್ಟ ಕೈಯನ್ನು ಮಡ್‌ಗಾರ್ಡಿನೊಳಗೆ ತೂರಿಸಿ, "ಬಿಳಿ ಇಲ್ಲಪ್ಪೋ!" ಎಂದು ಕೂಗುತ್ತಿದ್ದಳು. ಅವಳ ಕೈ ಹೋದ ಜಾಗಕ್ಕೆ ಗುದ್ಲೆಪ್ಪನ ಕೈ ಹೋಗುತ್ತಿರಲಿಲ್ಲ. ಹೆಂಡತಿ ಮಾದೇವಿ, "ಹೆಣ್ಣುಡುಗಿ ಕೈಯೆಲ್ಲ ಗ್ರೀಸ್ ಮಾಡಿಟ್ಟಿ" ಎಂದು ಜಗಳಕ್ಕೆ ಬರುತ್ತಿದ್ದಳು. ಗಂಡಹೆಂಡತಿಗೆ ಇದ್ದವಳು ಅವಳೊಬ್ಬಳೇ.

ಅವಳನ್ನು ಹಿರೇಕೆರೂರು ತಾಲ್ಲೂಕಿನ ಹಂಸಭಾವಿಗೆ ಕೊಟ್ಟರು. ಅಳಿಯ ಶಿವಾನಂದನದು ಬೀಜ ಗೊಬ್ಬರದ ಅಂಗಡಿ. ಒಳ್ಳೆಯ ಹುಡುಗ. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಯನ್ನು ಕಂಡರೆ ಅಕ್ಕರೆ. ಇದ್ದ ಒಂದೇ ಶೋಕಿ ಅಂದರೆ ಅವನ ಬಿಳಿ ಕಾರು. ಅದನ್ನು ಅವನು ದಿನಾ ತೊಳೆದು ಒರೆಸುವುದನ್ನು ನೋಡಿ ಭಾಗ್ಯಶ್ರೀ ಫೋನಿನಲ್ಲಿ, "ಅಪ್ಪಾ, ನನಗ ಒಬ್ಬಾಕಿ ಸವತಿ ಅದಾಳ" ಎಂದು ನಗುತ್ತಿದ್ದಳು.

ಮದುವೆಯಾದ ಮೂರನೆಯ ವರ್ಷ ಅವಳಿಗೆ ಏಳು ತಿಂಗಳು ತುಂಬಿದವು. ಹಂಸಭಾವಿಯಲ್ಲೇ ಕುಬಸ, ಅಂದರೆ ಸೀಮಂತ, ಮಾಡಿ ಹೆರಿಗೆಗೆ ತವರಿಗೆ ಕರೆದುಕೊಂಡು ಬರುವುದೆಂದು ಎರಡೂ ಮನೆಯವರು ಮಾತಾಡಿಕೊಂಡರು. ಕುಬಸಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಶಿವಾನಂದ ಇಬ್ಬರು ಗೆಳೆಯರೊಂದಿಗೆ ಕಾರು ತೆಗೆದುಕೊಂಡು ಶಿಗ್ಗಾಂವಿಗೆ ಬಂದ. ಡಿಕ್ಕಿಯಲ್ಲಿ, ಸೀಟಿನ ಮೇಲೆ ಹದಿನೇಳು ಇಂಚಿನ ನಾಲ್ಕು ಅಲಾಯ್ ಚಕ್ರ, ಹೊಸ ಟೈರು. ಎಲ್ಲ ಹುಬ್ಬಳ್ಳಿಯಲ್ಲಿ ಕೊಂಡು ತಂದಿದ್ದ.

"ಮಾವಾರ, ಇವನ್ನ ನಿಮ್ಮ ಕೈಲೇನ ಹಾಕಿಸ್ಬೇಕಂತ ಬಂದೇನಿ," ಎಂದ.

ಆ ಮಾತಿಗೆ ಗುದ್ಲೆಪ್ಪನ ಎದೆ ಉಬ್ಬಿತು. ಅಳಿಯನಿಗೆ ಖುರ್ಚಿ ಹಾಕಿಸಿ, ಮನೆಯಿಂದ ಅವಲಕ್ಕಿ ಚಹಾ ತರಿಸಿ, ಆಮೇಲೆ ಟೈರಿನ ಪಕ್ಕೆಯ ಮೇಲಿನ ಅಂಕಿ ಓದಿದ. ಕಾರಿನ ಹಳೆಯ ಟೈರು ನೂರಾ ಎಂಬತ್ತೈದು ಅಗಲ, ಅರವತ್ತೈದರ ಎತ್ತರ, ಹದಿನೈದರ ಚಕ್ರ. ತಂದದ್ದು ಎರಡುನೂರಾ ಹದಿನೈದು ಅಗಲ, ಐವತ್ತರ ಎತ್ತರ, ಹದಿನೇಳರ ಚಕ್ರ. ಸುತಳಿ ಹಿಡಿಯುವ ಮೊದಲೇ ಅವನಿಗೆ ಗೊತ್ತಾಗಿತ್ತು. ಆದರೂ ಸುತ್ತಿದ. ಸುತಳಿಯ ತುದಿ ಗಂಟಿಗೆ ಮುಟ್ಟಲು ನಾಲ್ಕು ಬೆರಳು ಕಡಿಮೆಬಿತ್ತು. ಹದಿನೇಳರ ಚಕ್ರಕ್ಕೆ ಈ ಗಾಡಿಯಲ್ಲಿ ಕೂರುವುದು ಎರಡುನೂರಾ ಐದರ ಅಗಲ, ನಲವತ್ತೈದರ ಎತ್ತರ. ಬೇರೆ ಯಾರಾದರೂ ಆಗಿದ್ದರೆ ಅಷ್ಟೊತ್ತಿಗೆ ಟೈರನ್ನು ಉರುಳಿಸಿ ರಸ್ತೆಗೆ ಬಿಡುತ್ತಿದ್ದ.

"ಅಳಿಯಂದ್ರ, ಇವು ಒಂದೀಟು ಎತ್ತರ ಆಗ್ತಾವ್ರಿ. ನಲವತ್ತೈದರ ಟೈರ್ ತರಸ್ತೇನಿ. ಎರಡ ದಿನ ತಡೀರಿ."

"ನಲವತ್ತೈದರವು ನೋಡೇನ್ರಿ ಅಂಗಡ್ಯಾಗ. ತೆಳ್ಳಗ ಕಾಣ್ತಾವು. ಗಾಡಿ ಬರಿಗಾಲಿಲೆ ನಿಂತಂಗ ಕಾಣತೈತಿ. ಕುಬಸಕ್ಕ ಮಂದಿ ಎಲ್ಲಾ ಬರ್ತಾರ," ಎಂದು ಶಿವಾನಂದ ನಕ್ಕ. ಗೆಳೆಯರೂ ನಕ್ಕರು. ಗುದ್ಲೆಪ್ಪನೂ ನಕ್ಕ. ಆ ನಗೆಯನ್ನು ನೆನೆದಾಗಲೆಲ್ಲ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ ಅವನಿಗೆ.

ಈ ಸೀಮೆಯಲ್ಲಿ ಅಳಿಯ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅವನು ಬಂದಾಗ ಮಾವ ಎದ್ದು ನಿಲ್ಲುತ್ತಾನೆ, ಅವನು ಉಂಡ ಮೇಲೆ ಉಣ್ಣುತ್ತಾನೆ. ಅವನ ಗೆಳೆಯರ ಮುಂದೆ ಅವನ ಮಾತು ತೆಗೆದುಹಾಕುವುದೆಂದರೆ ಮಗಳ ಸಂಸಾರಕ್ಕೆ ಕಲ್ಲು ಹೊಡೆದಂತೆ. ಗುದ್ಲೆಪ್ಪ ಟೈರು ಹಾಕಿದ. ಖಾಲಿ ಗಾಡಿಯಲ್ಲಿ ಎಲ್ಲೂ ಮುಟ್ಟಲಿಲ್ಲ. ಸ್ಟೇರಿಂಗು ಎರಡೂ ಕಡೆ ತಿರುಗಿತು. ಹಿಂದಿನ ಗಾಲಿಯ ಅಂಚು ಮಾತ್ರ ಮಡ್‌ಗಾರ್ಡಿನ ಒಳಕ್ಕೆ ಮಡಿಚಿದ ತಗಡಿನ ನೇರಕ್ಕೆ ಬಂದು ನಿಂತಿತ್ತು. ಅವನು ಸುಣ್ಣದ ಡಬ್ಬಿ ತೆಗೆದುಕೊಂಡು ಬಂದ.

"ಸುಣ್ಣ ಬ್ಯಾಡ್ರಿ ಮಾವಾರ. ಹೊಸಾ ಟೈರ್ ಹೊಲಸ ಕಾಣ್ತಾವು. ಹೊತ್ತೂ ಆತು," ಎಂದ ಶಿವಾನಂದ.

ಹಿಂದೆ ಭಾರಕ್ಕೆ ಕೂರಿಸಬೇಕೆಂದರೆ ಇದ್ದವರು ಅವನ ಗೆಳೆಯರು, ಇಸ್ತ್ರಿ ಮುರಿಯದ ಅಂಗಿಯವರು. ಅಳಿಯನ ಗೆಳೆಯರಿಗೆ 'ಏರ್ರಿ, ಇಳೀರಿ' ಎನ್ನಲು ಗುದ್ಲೆಪ್ಪನಿಗೆ ಬಾಯಿ ಬರಲಿಲ್ಲ. ಅವನು ಡಬ್ಬಿಯ ಮುಚ್ಚಳ ಒತ್ತಿ ಜಾಗದಲ್ಲಿ ಇಟ್ಟ. ಮೂವತ್ತೈದು ವರ್ಷದಲ್ಲಿ ದೊಡ್ಡ ಚಕ್ರ ಹಾಕಿಸಿಕೊಂಡು ಸುಣ್ಣವಿಲ್ಲದೆ ಅವನ ಅಂಗಡಿ ಬಿಟ್ಟ ಗಾಡಿ ಅದೊಂದೇ.

ಕುಬಸ ಚೆನ್ನಾಗಿ ಆಯಿತು. ಮಾದೇವಿ ಮಾಡಿಕೊಂಡು ಹೋಗಿದ್ದ ಬುತ್ತಿಯನ್ನು ಹಂಸಭಾವಿಯ ಹೆಂಗಸರು ಹೊಗಳಿ ಹೊಗಳಿ ಉಂಡರು. ಹಸಿರು ಸೀರೆ ಉಟ್ಟು, ಮೊಳಕೈವರೆಗೆ ಹಸಿರು ಬಳೆ ತೊಟ್ಟು ಕೂತ ಮಗಳನ್ನು ಗುದ್ಲೆಪ್ಪ ಬಾಗಿಲ ಮರೆಯಿಂದ ನೋಡಿದ. ಮಧ್ಯಾಹ್ನ ಎಲ್ಲರೂ ಶಿಗ್ಗಾಂವಿಗೆ ಹೊರಟರು. ತವರಿನಿಂದ ಬಂದವರು ಬಾಡಿಗೆ ಟೆಂಪೋದಲ್ಲಿ. ಕಾರಿನಲ್ಲಿ ಶಿವಾನಂದ, ಪಕ್ಕದಲ್ಲಿ ಭಾಗ್ಯಶ್ರೀ, ಹಿಂದೆ ಮಾದೇವಿ, ಶಿವಾನಂದನ ತಾಯಿ ಶಂಕ್ರವ್ವ, ಸೋದರತ್ತೆ ಉಡಚವ್ವ. ಮೂವರೂ ಮೈತುಂಬಿದ ಹೆಂಗಸರು. ಡಿಕ್ಕಿಯಲ್ಲಿ ಭಾಗ್ಯಶ್ರೀಯ ಟ್ರಂಕು, ಬಾಣಂತನಕ್ಕೆಂದು ಶಂಕ್ರವ್ವ ಹಾಕಿಸಿದ ಎರಡು ಚೀಲ ಗೋಧಿ.

ಗುದ್ಲೆಪ್ಪ ಟೆಂಪೋದ ಮುಂದಿನ ಸೀಟಿನಲ್ಲಿ ಕೂತಿದ್ದ. ಮುಂದೆ ಹೋಗುತ್ತಿದ್ದ ಬಿಳಿ ಕಾರಿನ ಹಿಂಭಾಗ ಅವನ ಕಣ್ಣೆದುರಿಗೇ ಇತ್ತು. ಅದು ಕುಗ್ಗಿತ್ತು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳೂ ತೂರುವಂತಿರಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಕಾರು ಕೆಳಗೆ ಕೂತು ಏಳುವಾಗ ಅವನು ಮುಂದಕ್ಕೆ ಬಗ್ಗಿ ಗಾಲಿಯನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಡ್ರೈವರ ಏನೋ ಮಾತಾಡುತ್ತಿದ್ದ. ಇವನಿಗೆ ಒಂದೂ ಕೇಳಲಿಲ್ಲ.

ಹಾನಗಲ್ಲಿನಲ್ಲಿ ತಾರಕೇಶ್ವರನಿಗೆ ಕೈಮುಗಿದು ಹೋಗೋಣವೆಂದು ಶಂಕ್ರವ್ವ ನಿಲ್ಲಿಸಿದಳು. ಎಲ್ಲರೂ ಗುಡಿಗೆ ಹೋಗಿ ಬರುವಷ್ಟರಲ್ಲಿ ಗುದ್ಲೆಪ್ಪ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಗಾಲಿಯ ಹತ್ತಿರ ಮೂಗು ಒಯ್ದು ಮೂಸಿದ. ಸುಟ್ಟ ರಬ್ಬರಿನ ವಾಸನೆ. ಅವನು ಎದ್ದು, ನಗುಮುಖ ಮಾಡಿಕೊಂಡು, "ಬೀಗತಿ, ಗಾಡ್ಯಾಗ ಇಕ್ಕಟ್ಟ ಆಗಿರಬೇಕಲ್ರಿ. ಒಬ್ಬಿಬ್ಬರು ಟೆಂಪೋಕ್ಕ ಬರ್ರಿ, ಆರಾಮ ಕುಂಡ್ರಬಹುದು," ಎಂದ.

ಶಂಕ್ರವ್ವನ ಮುಖ ಸಣ್ಣದಾಯಿತು. "ಯಾಕ್ರಿ, ನನ್ನ ಮಗನ ಗಾಡ್ಯಾಗ ನಾ ಕುಂತ್ರ ನಿಮಗ ಭಾರ ಆತೇನ್ರಿ? ಟೆಂಪೋದಾಗ ಹೇರಿಕೊಂಡ ಹೋಗಾಕ ನಾವೇನ ಬುತ್ತಿ ಗಂಟೇನು?"

ಸುತ್ತ ನಿಂತವರು ನಕ್ಕರು, ಆದರೆ ಅದು ತಮಾಷೆಯ ಮಾತಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆಗಲೇ ಭಾಗ್ಯಶ್ರೀ ಅಪ್ಪನ ಹತ್ತಿರ ಬಂದಳು. ಅಂಗಡಿಯಲ್ಲಿ ಬೆಳೆದವಳು, ಅವಳ ಕಿವಿಗೆ ಗೊತ್ತಾಗದೆ ಇರುತ್ತದೆಯೇ?

"ಅಪ್ಪಾ, ಹಿಂದಿನ ಗಾಲ್ಯಾಗ ಏನೋ ಗರಗರ ಅಂತೈತಿ. ನೀ ಸುಣ್ಣ ಹಚ್ಚಿ ನೋಡೀ ಹೌದಿಲ್ಲೊ?"

ಶಂಕ್ರವ್ವ ನೋಡುತ್ತಿದ್ದಳು. ಉಡಚವ್ವ ನೋಡುತ್ತಿದ್ದಳು. ಶಿವಾನಂದ ಕೀಲಿ ತಿರುವುತ್ತ ಬಾಗಿಲ ಬಳಿ ನಿಂತಿದ್ದ. ಇಲ್ಲವೆಂದರೆ ಮುಂದಿನ ಪ್ರಶ್ನೆ ಯಾಕೆ ಎಂದು. ಯಾಕೆ ಎಂದರೆ ಅಳಿಯಂದಿರು ಬೇಡವೆಂದರು ಎನ್ನಬೇಕು. ಹಸಿರು ಬಳೆಯ ದಿನ, ಬೀಗರ ಎದುರು.

"ಹ್ಞೂಂ," ಎಂದ ಗುದ್ಲೆಪ್ಪ.

"ಹಂಗಾರ ಏನಿಲ್ಲ ಬಿಡು," ಎಂದು ಅವಳು ಕಾರು ಹತ್ತಿದಳು. ಅಷ್ಟೇ ಆದದ್ದು. ಒಂದು ಅಕ್ಷರದ ಮಾತು.

ಹಾನಗಲ್ಲು ದಾಟಿ ಅರ್ಧ ಗಂಟೆಯಾಗಿರಲಿಲ್ಲ. ಒಂದು ಸಣ್ಣ ಸೇತುವೆ ಇಳಿಯುವಲ್ಲಿ ಕಾರು ಕುಕ್ಕರಿಸಿ ಎದ್ದದ್ದನ್ನು, ಹಿಂದಿನ ಎಡಗಾಲಿ ಢಬ್ಬೆಂದು ಒಡೆದದ್ದನ್ನು, ಕಾರು ಬಾಲ ತಿರುವಿ ರಸ್ತೆ ಬಿಟ್ಟು ಹೋದದ್ದನ್ನು ಗುದ್ಲೆಪ್ಪ ಟೆಂಪೋದ ಗಾಜಿನಲ್ಲಿ ಪೂರ್ತಿ ನೋಡಿದ. ಕಾರು ಮಗುಚಲಿಲ್ಲ. ದಂಡೆಯ ಕಲ್ಲಿಗೆ ಭಾಗ್ಯಶ್ರೀ ಕೂತ ಕಡೆಯಿಂದ ಹೋಗಿ ಬಡಿಯಿತು. ಶಂಕ್ರವ್ವನ ಮುಂಗೈ ಮುರಿಯಿತು. ಉಳಿದವರಿಗೆ ತರಚು ಗಾಯ. ಭಾಗ್ಯಶ್ರೀಗೆ ಮೈಮೇಲೆ ಒಂದು ಗೀರೂ ಇರಲಿಲ್ಲ, ಬಳೆ ಕೂಡ ಎರಡೇ ಒಡೆದಿದ್ದವು. ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, "ಅಪ್ಪಾ, ಕೂಸು ಒದೀವಲ್ತು" ಎಂದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳು ಉಳಿದಳು, ಕೂಸು ಉಳಿಯಲಿಲ್ಲ. ಗಂಡುಕೂಸು ಇತ್ತು ಎಂದು ನರ್ಸು ಹೇಳಿದಳು. ಯಾರೂ ಕೇಳಿರಲಿಲ್ಲ.

ನುಗ್ಗಾದ ಕಾರನ್ನು ಎಲ್ಲಿ ಇಡಬೇಕೆಂದು ಯಾರಿಗೂ ತೋಚದೆ, ಎಳೆದು ತಂದು ಗುದ್ಲೆಪ್ಪನ ಅಂಗಡಿಯ ಹಿಂದೆ ನಿಲ್ಲಿಸಿದರು. ಒಬ್ಬನೇ ಇದ್ದಾಗ ಅವನು ಹೋಗಿ ನೋಡಿದ. ಮಡ್‌ಗಾರ್ಡಿನ ಒಳ ಅಂಚು ಮಸೆದ ಕುಡುಗೋಲಿನಂತೆ ಹೊಳೆಯುತ್ತಿತ್ತು. ಒಡೆದ ಟೈರಿನ ಅಂಚು ಸುತ್ತಲೂ ಕೊರೆದು ಒಳಗಿನ ದಾರ ಹೊರಬಿದ್ದಿತ್ತು. ಸುಣ್ಣ ಹಚ್ಚಿ ಮೂವರನ್ನು ಕೂರಿಸಿದ್ದರೆ ಆ ಅಂಚಿಗೆ ಬಿಳಿ ಬಂದಿರುತ್ತಿತ್ತು. ಮಗುವೂ ತಿಳಿದುಕೊಳ್ಳುವಂಥ ಬಿಳಿ. ಅವನು ಕಾರಿಗೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದು, ಮತ್ತೆ ಆ ಕಡೆ ಹೋಗಲಿಲ್ಲ.

ಭಾಗ್ಯಶ್ರೀಯನ್ನು ತವರಿಗೆ ತಂದರು. ಬಾಣಂತಿಯ ಕೋಣೆಯೆಂದು ಮಾದೇವಿ ಸುಣ್ಣಬಣ್ಣ ಮಾಡಿಸಿದ್ದ ಕೋಣೆಯಲ್ಲೇ ಅವಳು ಮಲಗಿದಳು. ಹಸಿರು ಬಳೆ ತೆಗೆಯಲು ಬಿಡಲಿಲ್ಲ. ಶಿವಾನಂದ ಎಂಟು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು ಬಾಗಿಲ ಬಳಿ ಕೂತು ಹೋಗುತ್ತಿದ್ದ. ಹುಡುಗ ಅರ್ಧಕ್ಕೆ ಇಳಿದಿದ್ದ. ಒಂದು ದಿನ ಅವನು ಒಳಗೆ ಹೇಳುತ್ತಿದ್ದದ್ದು ಪಡಸಾಲೆಯಲ್ಲಿದ್ದ ಗುದ್ಲೆಪ್ಪನಿಗೆ ಕೇಳಿಸಿತು.

"ನಾ ಜೋರ ಹೊಡದಿಲ್ಲ ಭಾಗ್ಯಾ. ಗಾಲಿ ತಗಡಿಗೆ ಉಜ್ಜಿ ಒಡದೈತಿ. ತಪ್ಪ ನಂದ. ಮಾವಾರು ಸುಣ್ಣ ಹಚ್ಚಾಕ ಬಂದಿದ್ರು, ನಾನ ಬ್ಯಾಡ ಅಂದೆ."

"ಹಚ್ಚಿದ್ದಿಲ್ಲ ಅಂತೀರೇನು?"

"ಇಲ್ಲ."

"ನಿಮ್ಮ ತಪ್ಪ ಮುಚ್ಚಾಕ ನಮ್ಮಪ್ಪನ್ನ ಸುಳ್ಳ ಮಾಡ್ತೀರೇನ್ರಿ?" ಅವಳ ದನಿ ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. "ನಾನ ಕೇಳೇನಿ ಹಾನಗಲ್ಲಿನ್ಯಾಗ. ಹ್ಞೂಂ ಅಂದಾನ. ನಮ್ಮಪ್ಪ ಸುಣ್ಣ ಹಚ್ಚಿದ ಗಾಡಿ ಹಂಗ ಒಡ್ಯಾಕ ಸಾಧ್ಯ ಇಲ್ಲ. ನೀವು ಜೋರ ಹೊಡದ್ರಿ. ಹೊಸಾ ಗಾಲಿ ಮಂದಿಗೆ ತೋರಸಾಕ ಹೊಡದ್ರಿ. ನನ್ನ ಕೂಸಿಗಿಂತ ನಿಮಗ ಅದ ಹೆಚ್ಚಾಗಿತ್ತು."

ಎದ್ದು ಒಳಗೆ ಹೋಗಿ ಹೇಳಬೇಕಿತ್ತು. ನಾಲ್ಕು ಹೆಜ್ಜೆಯ ದಾರಿ. ಗುದ್ಲೆಪ್ಪ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ.

ಹೀಗೆ ನಾಲ್ಕು ತಿಂಗಳು. ಹಂಸಭಾವಿಯ ಹೆಸರೆತ್ತಿದರೆ ಭಾಗ್ಯಶ್ರೀ ಗೋಡೆಯ ಕಡೆ ಹೊರಳುತ್ತಿದ್ದಳು. ಕಡೆಗೆ ಒಂದು ಭಾನುವಾರ ಶಂಕ್ರವ್ವ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು, ಮಗನೊಂದಿಗೆ ಬಂದಳು. ಜಮಖಾನೆ ಹಾಸಿ ಕೂತರು. ಹಿರಿಯರು ಕೇಳಿದರು, ಭಾಗ್ಯಶ್ರೀ ಅದನ್ನೇ ಹೇಳಿದಳು: ತಪ್ಪು ಮಾಡಿದವರು ಒಪ್ಪಿಕೊಂಡಿದ್ದರೆ ಬರುತ್ತಿದ್ದೆ, ಅಪ್ಪನ ಮೇಲೆ ಸುಳ್ಳು ಹೊರಿಸಿದವರ ಜೊತೆ ಹೇಗೆ ಬಾಳಲಿ ಎಂದು. "ನಮ್ಮಪ್ಪ ಇಲ್ಲೇ ಕುಂತಾನ. ಕೇಳ್ರಿ ಅವನ್ನ."

ಎಲ್ಲರೂ ಗುದ್ಲೆಪ್ಪನ ಕಡೆ ನೋಡಿದರು. ಹೇಳಿದರೆ ಮಗಳ ಮನೆ ಉಳಿಯುತ್ತದೆ, ಅಪ್ಪ ಹೋಗುತ್ತಾನೆ. ಹೇಳದಿದ್ದರೆ ಅಪ್ಪ ಉಳಿಯುತ್ತಾನೆ. ಅಷ್ಟು ಸರಳ ಲೆಕ್ಕ. ಅವನು ಜಮಖಾನೆಯ ಅಂಚನ್ನೇ ನೋಡುತ್ತ ಕೂತ.

ಶಿವಾನಂದ ಮಾವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಲೆ ಕೆಳಗೆ ಹಾಕಿ, "ಆತ್ರಿ, ಬಿಡ್ರಿ. ಮಾವಾರನ್ನ ಯಾಕ ಕೇಳ್ತೀರಿ. ನಾನ ಜೋರ ಹೊಡದೆ. ಅಂಜಿ ಸುಳ್ಳ ಹೇಳಿದ್ದೆ," ಎಂದ. ಯಾರಿಗೂ ಕಾಯದೆ ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದ. ಅಂದು ಮಾವ ಅಳಿಯನ ಮರ್ಯಾದೆ ಕಾಯಲು ಹೇಳಿದ ಸುಳ್ಳಿಗೆ ಇಂದು ಅಳಿಯ ಮಾವನ ಮರ್ಯಾದೆ ಕಾಯಲು ಇನ್ನೊಂದು ಸುಳ್ಳು ಸೇರಿಸಿ ಹೋಗಿದ್ದ. ನಡುವೆ ಸಿಕ್ಕವಳು ಒಬ್ಬಳೇ. ಒಪ್ಪಿಕೊಂಡರೆ ಬರುತ್ತೇನೆ ಎಂದಿದ್ದವಳು, ಒಪ್ಪಿಕೊಂಡ ಮೇಲೆ, ಅಪ್ಪನ ಮೇಲೆ ಸುಳ್ಳು ಹೊರಿಸಿದ್ದು ಖರೆಯಾಯಿತೆಂದು ಇನ್ನೂ ಕಲ್ಲಾದಳು.

ಮರುದಿನ ಬೆಳಿಗ್ಗೆ ಅವಳು ಎದ್ದು ಸ್ನಾನ ಮಾಡಿ, ಹಲವು ವರ್ಷಗಳ ಮೇಲೆ ಅಪ್ಪನ ಹಿಂದೆ ಅಂಗಡಿಗೆ ಬಂದಳು. ಮನೆಯಲ್ಲಿ ಕೂತು ಕೂತು ಸಾಕಾಗಿದೆ ಎಂದಳು. ಹತ್ತು ಗಂಟೆಗೆ ಹತ್ತಿಮತ್ತೂರಿನ ಮೃತ್ಯುಂಜಯ ಕಾರು ತಂದು ನಿಲ್ಲಿಸಿದ. ಆರೇಳು ತಿಂಗಳ ಹಿಂದೆ ಇಲ್ಲೇ ಹದಿನಾರರ ಚಕ್ರ ಹಾಕಿಸಿಕೊಂಡು ಹೋದವನು. ಗಾಳಿ ನೋಡುವಂತೆ ಹೇಳಿ, ತಮಾಷೆಗೆ ಟೈರನ್ನು ಕಾಲಲ್ಲಿ ತಟ್ಟಿದ.

"ಏನ್ ಸುಣ್ಣೋ ಮಾರಾಯಾ ನಿಂದು! ಹೋದ ಶ್ರಾವಣದಾಗ ಹಚ್ಚಿದ್ದು. ವಾರಕ್ಕೊಮ್ಮೆ ತೊಳಸ್ತೇನಿ, ಗೀರಿನ್ಯಾಗ ಇನ್ನೂ ಹಂಗ ಐತಿ ನೋಡು."

ಗುದ್ಲೆಪ್ಪ ಗಾಳಿಯ ಪೈಪು ಹಿಡಿದು ಬಗ್ಗಿದ್ದವನು ತಲೆ ಎತ್ತಿದ. ಭಾಗ್ಯಶ್ರೀ ಮೃತ್ಯುಂಜಯನ ಟೈರಿನ ಗೀರಿನೊಳಗಿನ ಬಿಳಿಯನ್ನು ನೋಡುತ್ತಿದ್ದಳು. ನೋಡುತ್ತ ನಿಂತವಳು ಮೆಲ್ಲಗೆ ತಿರುಗಿ ಅಂಗಡಿಯ ಹಿಂದೆ ಹೋದಳು. ಗುದ್ಲೆಪ್ಪ ಪೈಪು ಬಿಟ್ಟು ಹಿಂದೆ ಹೋದ. ಅಷ್ಟರಲ್ಲಿ ಅವಳು ತಾಡಪತ್ರಿಯ ಹಗ್ಗ ಬಿಚ್ಚಿದ್ದಳು.

ಒಡೆಯದೆ ಉಳಿದ ಮೂರು ಗಾಲಿಗಳಿದ್ದವು. ಅವಳು ಮೊದಲನೆಯದರ ಮುಂದೆ ಕೂತು ಒಂದೊಂದೇ ಗೀರಿನಲ್ಲಿ ಉಗುರು ಹಾಕಿ ಎಳೆದಳು. ಉಗುರು ನೋಡಿಕೊಂಡಳು. ಮಣ್ಣು. ಎರಡನೆಯದಕ್ಕೆ ಹೋದಳು. ಹಸಿರು ಬಳೆ ಟೈರಿಗೆ ತಾಗಿ ಸದ್ದು ಮಾಡುತ್ತಿದ್ದವು. ಮೂರನೆಯದಕ್ಕೆ ಹೋದಾಗ ಗುದ್ಲೆಪ್ಪನಿಗೆ ನಿಲ್ಲಲಾಗಲಿಲ್ಲ.

"ಹಚ್ಚಿದ್ದಿಲ್ಲವ್ವ," ಎಂದ.

ಅವಳು ಮೂರನೆಯದನ್ನೂ ಪೂರ್ತಿ ನೋಡಿ ಮುಗಿಸಿದಳು. ಆಮೇಲೆ ಕೂತಲ್ಲಿಂದಲೇ ಕೇಳಿದಳು.

"ಹಾನಗಲ್ಲಿನ್ಯಾಗ ಕೇಳಿದ್ನಲ್ಲಪ್ಪಾ?"

"ಕೇಳಿದ್ದಿ."

"ಹ್ಞೂಂ ಅಂದಿ."

"ಅಂದೆ. ಮಂದಿ ಎಲ್ಲಾ ನಿಂತಿದ್ರವ್ವ. ಅಳಿಯಂದ್ರ ಮಾನ…"

"ಕೇಳಿದಾಕಿ ನಾನು. ಮಂದಿ ಕೇಳಿದ್ದಿಲ್ಲ." ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಹತ್ತಿರ ಹೋಗಲಾದರೂ ಆಗುತ್ತಿತ್ತು. "ಅವರು ಖರೇನ ಹೇಳಿದ್ರು. ನಾ ಅವರಿಗೆ ಏನೇನ ಅಂದೇನಿ ಗೊತ್ತೈತೇನು ನಿನಗ? ಕೂಸಿನ ಕೊಂದ್ರಿ ಅಂದೇನಪ್ಪಾ. ನಿನ್ನೆ ಅವರು ಹಿರಿಯರ ಮುಂದ ಸುಳ್ಳ ಒಪ್ಪಿಕೊಂಡಾಗ ನೀ ಜಮಖಾನಿ ನೋಡಕೋತ ಕುಂತಿದ್ದಿ."

ಗುದ್ಲೆಪ್ಪ ಅಲ್ಲೇ ನೆಲದ ಮೇಲೆ ಕೂತ. ತಪ್ಪಾಯಿತು ಎಂದ. ಕಾಲು ಹಿಡಿಯುತ್ತೇನೆ ಎಂದ. ಅವಳು ಎದ್ದು, ಉಗುರಿನ ಮಣ್ಣನ್ನು ಸೆರಗಿಗೆ ಒರೆಸಿಕೊಂಡು, ತಾಡಪತ್ರಿಯನ್ನು ಮತ್ತೆ ಎಳೆದು ಹೊದಿಸಿ ಹಗ್ಗ ಕಟ್ಟಿದಳು. ಕಟ್ಟುವುದನ್ನು ಅವನೇ ಕಲಿಸಿದ್ದ. ಗಂಟು ಸರಿಯಾಗಿ ಬಿತ್ತು.

ಅದೇ ಮಧ್ಯಾಹ್ನ ಅವಳು ಹಂಸಭಾವಿಗೆ ಹೊರಟಳು. ಯಾಕೆಂದು ಮಾದೇವಿಗೆ ಹೇಳಲಿಲ್ಲ. ಅಪ್ಪನ ಗುಟ್ಟನ್ನು ಅವ್ವನಿಗೆ ಬಿಟ್ಟುಕೊಡಲಿಲ್ಲ, ಅಷ್ಟು ಮಾತ್ರ ಉಳಿಸಿದಳು. ಬಸ್ ಸ್ಟ್ಯಾಂಡಿನವರೆಗೆ ಚೀಲ ಹಿಡಿದುಕೊಳ್ಳಲು ಗುದ್ಲೆಪ್ಪ ಕೈ ಚಾಚಿದರೆ, "ಇರಲಿ, ಭಾರ ಇಲ್ಲ" ಎಂದಳು. ಬಸ್ಸು ಹೊರಡುವಾಗ ಕಿಟಕಿಯಲ್ಲಿ ಅವಳ ಮುಖ ಮುಂದಕ್ಕೆ ತಿರುಗಿತ್ತು.

ಹೋದ ಮೇಲೆ ಗಂಡಹೆಂಡತಿ ಮೊದಲಿನಂತಾದರು ಎಂದು ಹೇಳುವಂತಿದ್ದರೆ ಎಷ್ಟು ಚೆನ್ನಾಗಿತ್ತು. ಒಂದೇ ಮನೆಯಲ್ಲಿ ಇದ್ದಾರೆ ಎಂದಷ್ಟೇ ಬೀಗರ ಕಡೆಯಿಂದ ಸುದ್ದಿ ಬರುತ್ತದೆ. ಶಿವಾನಂದ ಕಾರು ಬೇಡವೆಂದಿದ್ದಾನೆ. ಅದು ಅಂಗಡಿಯ ಹಿಂದೆ ಹಾಗೇ ಇದೆ. ಗುದ್ಲೆಪ್ಪ ಈಗಲೂ ಸುತಳಿ ಸುತ್ತುತ್ತಾನೆ, ಸುಣ್ಣ ಬಳಿಯುತ್ತಾನೆ, ಒಂದರ ಬದಲು ಮೂರು ಸಲ ಗಟಾರ ಹಾರಿಸುತ್ತಾನೆ. ಗಿರಾಕಿಗಳು, ಇವನಷ್ಟು ಕಟ್ಟುನಿಟ್ಟಿನ ಮನುಷ್ಯ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ ಎಂದು ಹೊಗಳಿ ಹೋಗುತ್ತಾರೆ.

ದಿನಾ ಸಂಜೆ ಅಂಗಡಿಯ ಬಾಗಿಲು ಎಳೆಯುವ ಮುಂಚೆ ಅವನು ಮಗಳಿಗೆ ಫೋನು ಮಾಡುತ್ತಾನೆ. ಅವಳು ಎತ್ತುತ್ತಾಳೆ, ಎತ್ತದೆ ಇದ್ದದ್ದಿಲ್ಲ. ಕೇಳಬೇಕೆಂದು ಹಗಲೆಲ್ಲ ಜೋಡಿಸಿಕೊಂಡ ಮಾತುಗಳು ಆ ಹೊತ್ತಿಗೆ ಒಂದೂ ಇರುವುದಿಲ್ಲ.

"ಉಂಡ್ಯೇನವ್ವ?"

"ಹ್ಞೂಂ."

"ಅಳಿಯಂದ್ರು ಮಾತಾಡ್ತಾರಿಲ್ಲ?"

"ಹ್ಞೂಂ."

"ಆರಾಮದೀ ಹೌದಿಲ್ಲೊ?"

"ಹ್ಞೂಂ," ಎನ್ನುತ್ತಾಳೆ. ಫೋನನ್ನು ಕಿವಿಗೆ ಒತ್ತಿ ಹಿಡಿದು ಎಷ್ಟು ಆಲಿಸಿದರೂ, ಅದು ಖರೇನೋ ಸುಳ್ಳೋ ಗುದ್ಲೆಪ್ಪನಿಗೆ ಗೊತ್ತಾಗುವುದಿಲ್ಲ.